ಒಂದೇ ಬಣವೆ, ನಾಲ್ಕು ಬಾಯಿ

ರಾಶಿ ಮುಗಿದ ಮೇಲೆ ಕಾಳಿನ ಲೆಕ್ಕ ಎಲ್ಲರೂ ಹಾಕುತ್ತಾರೆ. ಕಣಿಕೆ, ಹೊಟ್ಟು, ಕಟ್ಟಿಗೆಯ ಲೆಕ್ಕ ಹಾಕುವವರು ಕಡಿಮೆ. ಆದರೆ ನಮ್ಮಂಥ ಒಣಬೇಸಾಯದವರಿಗೆ ಈ ಎರಡನೇ ಲೆಕ್ಕ ತಪ್ಪಿದರೆ ಮುಂದಿನ ವರ್ಷ ಕಾಳಿನ ಲೆಕ್ಕವೂ ತಪ್ಪುತ್ತದೆ.

ನಮ್ಮದು ವಿಜಯಪುರ ಜಿಲ್ಲೆಯ ಡೋಣಿ ಸಾಲಿನ ಎರೆ ಹೊಲ, 8 ಎಕರೆ. ನೀರಾವರಿ ಇಲ್ಲ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಅದೂ ಬಂದರೆ ಬಂತು. 3 ಎಕರೆ ಹಿಂಗಾರಿ ಜೋಳ, 3 ಎಕರೆ ತೊಗರಿ, 2 ಎಕರೆ ಕಡಲೆ. ಮನೆಯಲ್ಲಿ ಎರಡು ಎತ್ತು, ಒಂದು ಎಮ್ಮೆ.

ಸುಗ್ಗಿ ಮುಗಿಯುತ್ತಲೇ ಹೊಲದಲ್ಲಿ ಉಳಿದದ್ದಕ್ಕೆ ನಾಲ್ಕು ಬಾಯಿ ತೆರೆಯುತ್ತವೆ. ದನಕ್ಕೆ ಮೇವು ಬೇಕು, ಒಲೆಗೆ ಉರುವಲು ಬೇಕು, ಭೂಮಿಗೆ ಗೊಬ್ಬರ ಬೇಕು. ನಾಲ್ಕನೆಯವನು ಗಾಡಿ ತಗೊಂಡು ಬರುವ ವ್ಯಾಪಾರಿ. "ಯಜಮಾನ್ರ, ಟ್ರ್ಯಾಕ್ಟರ್ ಇರೂವಾಗ ಎತ್ತು ಕಟ್ಟಿ ಏನ್ ಮಾಡ್ತೀರಿ? ಕಣಕಿ ಕೊಡ್ರಿ, ರೊಕ್ಕ ಎಣಿಸ್ಕೊಳ್ರಿ" ಅಂತಾನೆ. ಸಾಲ ತೀರಿಸುವ ಹೊತ್ತಿನಲ್ಲಿ ಈ ಮಾತು ಸಿಹಿಯಾಗೇ ಕೇಳುತ್ತದೆ.

ಮೊದಲು ದನದ ಪಾಲು

ಒಂದು ಎತ್ತಿಗೆ ದಿನಕ್ಕೆ 6ರಿಂದ 7 ಕಿಲೋ ಒಣಮೇವು ಬೇಕು. ಜೋಡಿಗೆ ವರ್ಷಕ್ಕೆ ಹತ್ತಿರ ಹತ್ತಿರ 5 ಟನ್ ಆಯ್ತು. ಮಾಲದಂಡಿ ಜೋಳ ಚೆನ್ನಾಗಿ ಬಂದರೆ ಎಕರೆಗೆ ಒಂದೂವರೆಯಿಂದ 2 ಟನ್ ಕಣಿಕೆ. ಅಂದರೆ ನನ್ನ 3 ಎಕರೆ ಜೋಳ ಈ ಜೋಡಿಗೇ ಸರಿ. ಎಮ್ಮೆಗೆ ತೊಗರಿ, ಕಡಲೆ ಹೊಟ್ಟು ಮತ್ತು ಬದುವಿನ ಹುಲ್ಲು. ಇನ್ನು ಮಾರಲು ಉಳಿಯೋದು ಎಲ್ಲಿ? ಗಿಡ್ಡ ತಳಿಯ ಜೋಳ ನಮ್ಮಲ್ಲಿ ನಿಲ್ಲದಿರುವುದಕ್ಕೂ ಇದೇ ಕಾರಣ. ನಮಗೆ ತೆನೆಯಷ್ಟೇ ದಂಟೂ ಬೆಳೆ.

ಟ್ರ್ಯಾಕ್ಟರ್ ನಾನೂ ಬಾಡಿಗೆಗೆ ಕರೆಸುತ್ತೇನೆ, ರಂಟೆ ಹೊಡೆಸುತ್ತೇನೆ. ಆದರೆ ಹಿಂಗಾರಿ ಜೋಳದ ಸಾಲಿನ ನಡುವೆ ಎಡೆ ಹೊಡೆಯುವುದಕ್ಕೆ ಎತ್ತೇ ಬೇಕು. ಎರೆ ಭೂಮಿ ಬಿರುಕು ಬಿಡುವ ಮೊದಲು ಎಡೆಕುಂಟೆ ಆಡಿದರೆ ಮೇಲಿನ ಮಣ್ಣು ಪುಡಿಯಾಗಿ ಒಳಗಿನ ಹಸಿ ಉಳಿಯುತ್ತದೆ. ಆ ಹಸಿಯಲ್ಲೇ ನಮ್ಮ ಜೋಳ ತೆನೆ ಕಟ್ಟೋದು. ಕಣಿಕೆ ಎತ್ತಿಗೆ, ಎತ್ತು ಎಡೆಗೆ, ಎಡೆ ಮತ್ತೆ ಕಣಿಕೆಗೆ. ಈ ಸರಪಳಿಯಲ್ಲಿ ಒಂದು ಕೊಂಡಿ ಮಾರಿದರೂ ಉಳಿದದ್ದು ನಿಲ್ಲೋದಿಲ್ಲ.

ಒಲೆಗೆ ಏನು ಕೊಡಬೇಕು?

ಭೂಮಿಯ ಪಾಲು ಕದಿಯುವುದು ದನವಲ್ಲ, ಒಲೆ. ದನ ತಿಂದದ್ದು ಸಗಣಿ, ಗಂಜಲ ಆಗಿ ತಿರುಗಿ ಬರುತ್ತದೆ. ಆ ಸಗಣಿಯನ್ನು ಕುಳ್ಳು (ಬೆರಣಿ) ತಟ್ಟಿ ಸುಟ್ಟರೆ ಸಾರಜನಕವೆಲ್ಲ ಹೊಗೆ. ಬೂದಿಯಲ್ಲಿ ಪೊಟ್ಯಾಷ್, ಸ್ವಲ್ಪ ರಂಜಕ ಉಳಿದೀತು, ಅಷ್ಟೇ.

ಕುಳ್ಳು ಬಿಡಿ ಅಂತ ಹೆಣ್ಣುಮಕ್ಕಳಿಗೆ ಹೇಳಿದರೆ ಸಾಲದು. ನಮ್ಮ ಮನೆಯಾಕೆ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: "ಒಣಾ ಕಟಗಿ ವರ್ಷಪೂರ್ತಿ ತಂದು ಹಾಕ್ರಿ, ಕುಳ್ಳು ತಟ್ಟೂದು ನಾನೇ ಬಿಡ್ತೀನಿ." ಮಾತು ಖರೆ. ಅವಳಿಗೆ ಸಿಲಿಂಡರ್ ಇದೆ. ಆದರೆ ಸ್ನಾನದ ನೀರಿಗೆ, ರೊಟ್ಟಿಗೆ ಈಗಲೂ ಒಲೆಯೇ. 3 ಎಕರೆಯ ತೊಗರಿ ಕಟ್ಟಿಗೆಯನ್ನು ಮಳೆ ತಾಗದಂತೆ ಹೊರೆ ಕಟ್ಟಿ ಇಡುತ್ತೇವೆ. ದನ ತಿನ್ನದ್ದು, ಬೇಗ ಕೊಳೆಯದ್ದು ಒಲೆಗೆ ಹೋಗಲಿ. ತೊಗರಿ ತನ್ನ ಎಲೆಯನ್ನು ಮೊದಲೇ ಹೊಲಕ್ಕೆ ಉದುರಿಸಿ ಭೂಮಿಯ ಪಾಲು ಕೊಟ್ಟಿರುತ್ತದೆ.

ಹತ್ತಿ ಬೆಳೆಯುವವರಿಗೆ ಒಂದು ಮಾತು. ಹತ್ತಿ ಕಟ್ಟಿಗೆಯನ್ನು ಹೊಲದ ಬದಿಗೆ ತಿಂಗಳುಗಟ್ಟಲೆ ಒಟ್ಟಬೇಡಿ. ಉಳಿದ ಕಾಯಿಯಲ್ಲಿ ಗುಲಾಬಿ ಕಾಯಿಕೊರಕ ಅಡಗಿ ಮುಂದಿನ ಬೆಳೆಗೆ ಬರುತ್ತದೆ.

ಭೂಮಿಯ ಪಾಲು

"ಕಣಿಕೆ ಕತ್ತರಿಸಿ ಹೊಲದಲ್ಲೇ ಮುಚ್ಚಿ" ಎಂದು ಹೇಳುವವರಿದ್ದಾರೆ. ಮೇವು ಮಿಗುವವರು ಮಾಡಲಿ, ಒಳ್ಳೆಯದೇ. ಆದರೆ ಬಿತ್ತನೆ ಹತ್ತಿರ ಬಂದಾಗ ಒಣದಂಟು ಮಣ್ಣಿಗೆ ಸೇರಿಸಿದರೆ, ಅದನ್ನು ಕೊಳೆಸುವ ಜೀವಾಣುಗಳು ಮಣ್ಣಿನ ಸಾರಜನಕ ಎಳೆದುಕೊಂಡು ಎಳೆ ಬೆಳೆ ಹಳದಿ ಆಗುತ್ತದೆ. ನಾವು ದನ ತಿಂದು ಬಿಟ್ಟ ದಂಟನ್ನು ಕೊಟ್ಟಿಗೆಯಲ್ಲಿ ಹಾಸುತ್ತೇವೆ. ಗಂಜಲ ಹೀರಿದ ಆ ಹಾಸು ತಿಪ್ಪೆಗೆ ಹೋಗುತ್ತದೆ, ಕೊಳೆತು ಹೊಲಕ್ಕೆ ಬರುತ್ತದೆ.

ಕೊಯ್ದ ಹೊಲದಲ್ಲಿ ಕುರಿಯವರಿಗೆ ಮೇಯಲು ಬಿಡುವುದೂ ಒಂದು ವ್ಯವಹಾರ. ಹಗಲು ನಿಮ್ಮಲ್ಲಿ ಮೇದು ರಾತ್ರಿ ಇನ್ನೊಬ್ಬರ ಹೊಲದಲ್ಲಿ ಮಲಗಿದರೆ ಹಿಕ್ಕೆ ಅವರಿಗೆ, ಬರಿ ಹೊಲ ನಿಮಗೆ. ಎಲ್ಲಿ ಮೇಯುತ್ತವೋ ಅಲ್ಲೇ ಹಿಂಡು ತರುಬಬೇಕು ಎಂದು ಮೊದಲೇ ಮಾತಾಡಿಕೊಳ್ಳಿ.

ದೊಡ್ಡ ಕೊಯ್ಲು ಯಂತ್ರ ತೊಗರಿಗೂ ಬಂದಿದೆ. ಕೆಲಸ ಬೇಗ, ಕೂಲಿ ಉಳಿತಾಯ. ಆದರೆ ಹೊಟ್ಟು ಹೊಲದ ತುಂಬ ಚೆಲ್ಲುತ್ತದೆ, ಕಟ್ಟಿಗೆ ಮುರಿದು ಹೋಗುತ್ತದೆ. ಉಳಿದ ಕೂಲಿಯಲ್ಲಿ ಹೊಟ್ಟಿನ ಬೆಲೆ, ಉರುವಲಿನ ಬೆಲೆ ಕಳೆದು ನೋಡಿ. ದನ ಇಲ್ಲದವರಿಗೆ ಲಾಭ ಆದೀತು. ನಮಗೆ ಕುಡುಗೋಲಿನಲ್ಲಿ ಕೊಯ್ದು, ಒಂದೇ ಜಾಗದಲ್ಲಿ ಹೊಟ್ಟು ಬೀಳುವ ರಾಶಿ ಮಷಿನ್ನಿಗೆ ಹಾಕುವುದೇ ಲೇಸು.

ಹಳೇ ಬಣವೆ ಎಂಬ ಗಂಟು

2023ರಲ್ಲಿ ರಾಜ್ಯದ 223 ತಾಲೂಕುಗಳನ್ನು ಸರಕಾರ ಬರಪೀಡಿತ ಎಂದು ಸಾರಿತು. ಅದರ ಹಿಂದಿನ ಸುಗ್ಗಿಯಲ್ಲಿ ಕಣಿಕೆ ಮಾರಿದ ನಮ್ಮೂರಿನ ಕೆಲವರು ಬೇಸಿಗೆಗೆ ಅದೇ ಕಣಿಕೆಯನ್ನು ಹೆಚ್ಚು ಬೆಲೆಗೆ ಕೊಂಡರು. ಕೊಳ್ಳಲಾಗದವರು ಎತ್ತು ಮಾರಿದರು. ಮಾರಿದ ಎತ್ತು ಮತ್ತೆ ಕಟ್ಟುವುದು ಸುಲಭವಲ್ಲ. ಮಳೆ ಬಂದ ಮೇಲೆ ಅವರು ಎಡೆ ಹೊಡೆಯಲು ಇನ್ನೊಬ್ಬರ ಎತ್ತಿಗೆ ಕಾದು ಕೂತರು. ಹಸಿ ಕಾಯೋದಿಲ್ಲ.

ಅದಕ್ಕೇ ನಮ್ಮ ಹಿರಿಯರು ಹೊಸ ಬಣವೆ ಒಟ್ಟುವಾಗ ಹಳೇ ಬಣವೆ ಇನ್ನೂ ಇರಬೇಕು ಅಂತಿದ್ದರು. ನಾನು ವ್ಯಾಪಾರಿಗೆ ಹೇಳುವುದೂ ಅದೇ: ಹಳೆಯದು ಮಿಕ್ಕರೆ ಮಾರುತ್ತೇನೆ, ಹೊಸದು ಕೇಳಬೇಡ. ಮೇವು ಕತ್ತರಿಸಿ ಹಾಕಲು ಶುರು ಮಾಡಿದ ಮೇಲೆ ನಮ್ಮಲ್ಲಿ ನಾಲ್ಕು ತಿಂಗಳ ಕಣಿಕೆ ಐದು ತಿಂಗಳು ಬರುತ್ತಿದೆ. ಮಿಕ್ಕುವುದು ಹೀಗೆ.

ಈ ಸುಗ್ಗಿಯಲ್ಲಿ ಕಾಳಿನ ಚೀಲ ಎಣಿಸುವಾಗ ಪಕ್ಕದಲ್ಲೇ ಕಣಿಕೆಯ ಸೂಡೂ ಎಣಿಸಿ ಬರೆದಿಡಿ. ದನಕ್ಕೆಷ್ಟು, ಒಲೆಗೆಷ್ಟು, ಭೂಮಿಗೆಷ್ಟು ಎಂದು ಹಂಚಿದ ಮೇಲೆ ವ್ಯಾಪಾರಿಯ ಜತೆ ಮಾತಿಗೆ ಕೂತುಕೊಳ್ಳಿ. ಭತ್ತದ ಹುಲ್ಲು, ರಾಗಿ ಹುಲ್ಲಿನ ನಾಡಿನವರು ಈ ಹಂಚಿಕೆ ಹೇಗೆ ಮಾಡುತ್ತೀರಿ? ನೀವೂ ಬರೆಯಿರಿ.