ಭಾರದ ಹಂಚಿಕೆಯೂ ವಾಹನದ ನಡೆಯೂ

ಕಬ್ಬು ತುಂಬಿದ ಎತ್ತಿನ ಗಾಡಿ ಹಿಂಭಾರವಾದರೆ ಏನಾಗುವುದೆಂಬುದನ್ನು ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೊಗ ಮೇಲೇಳುತ್ತದೆ, ಕೊರಳಪಟ್ಟಿ ಎತ್ತುಗಳ ಗಂಟಲನ್ನು ಬಿಗಿಯುತ್ತದೆ. ಮುಂಭಾರ ಅತಿಯಾದರೆ ಹೆಗಲು ಹುಣ್ಣಾಗುತ್ತದೆ. ಆದುದರಿಂದ ನೊಗದ ಮೇಲೆ ಸ್ವಲ್ಪವೇ ಭಾರ ನಿಲ್ಲುವಂತೆ ಅಚ್ಚಿನ ಹಿಂದೆ ಮುಂದೆ ಹೊರೆಯನ್ನು ತೂಗಿಸಿ ಆತನು ಗಾಡಿ ತುಂಬುತ್ತಾನೆ. ಎರಡು ಚಕ್ರದ ಗಾಡಿಯ ತಪ್ಪು ಹೊರಡುವ ಮೊದಲೇ ಕಾಣುತ್ತದೆ. ನಾಲ್ಕು ಚಕ್ರದ ಕಾರಿನ ತಪ್ಪು ಕಾಣುವುದು ತಿರುವಿನಲ್ಲಿ, ಅದೂ ವೇಗದಲ್ಲಿರುವಾಗ.

ಕಾರು ನೆಲವನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ತಾಣಗಳಲ್ಲಿ ಮಾತ್ರ. ಓಡುವುದು, ನಿಲ್ಲುವುದು, ತಿರುಗುವುದು ಎಲ್ಲವೂ ಆ ತಾಣಗಳ ಹಿಡಿತದಿಂದಲೇ ನಡೆಯಬೇಕು. ಟೈರಿನ ಮೇಲೆ ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುವುದು ನಿಜ. ಆದರೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗದು, ಅದಕ್ಕಿಂತ ಕಡಿಮೆಯಾಗಿಯೇ ಉಳಿಯುತ್ತದೆ. ನಮ್ಮ ವಿಷಯದ ಗುಟ್ಟೆಲ್ಲ ಇಲ್ಲಿದೆ. ಭಾರ ಹೆಚ್ಚಿದ ತುದಿಯನ್ನು ತಿರುವಿನಲ್ಲಿ ಹೊರಳಿಸಲು ಬೇಕಾಗುವ ಬಲ ಭಾರದಷ್ಟೇ ಬೆಳೆಯುತ್ತದೆ, ಟೈರಿನ ಹಿಡಿತವೋ ಹಿಂದುಳಿಯುತ್ತದೆ. ಮುಂಭಾರದ ಕಾರು ಚಾಲಕ ತಿರುಗಿಸಿದಷ್ಟು ತಿರುಗದೆ ಹೊರಗೆ ಜರುಗುತ್ತದೆ; ಹಿಂಭಾರದ ಕಾರಿನ ಹಿಂಬದಿ ಜಾರಿ ಗಾಡಿಯೇ ಗಿರಕಿ ಹೊಡೆಯಬಹುದು. ಮೊದಲನೆಯದಕ್ಕೆ ವೇಗ ತಗ್ಗಿಸಿದರೆ ಸಾಕು, ಎರಡನೆಯದಕ್ಕೆ ನುರಿತ ಕೈಯೇ ಬೇಕು.

ಸಣ್ಣದೊಂದು ಲೆಕ್ಕವನ್ನು ಮಾಡೋಣ. 1000 ಕಿಲೋಗ್ರಾಂ ತೂಕದ ಕಾರೊಂದರಲ್ಲಿ ಮುಂದಿನ ಚಕ್ರಗಳ ಮೇಲೆ 600, ಹಿಂದಿನವುಗಳ ಮೇಲೆ 400 ಇರಲಿ. ಅಚ್ಚುಗಳ ನಡುವೆ 2.5 ಮೀಟರ್ ದೂರ, ಗುರುತ್ವಕೇಂದ್ರದ ಎತ್ತರ ಅರ್ಧ ಮೀಟರ್. ಗುರುತ್ವದ ಹತ್ತರಲ್ಲಿ ಏಳು ಪಾಲಿನಷ್ಟು ತೀವ್ರವಾಗಿ ಬ್ರೇಕು ಹಾಕಿದರೆ 140 ಕಿಲೋಗ್ರಾಂ ಭಾರ ಮುಂದಕ್ಕೆ ಸರಿಯುತ್ತದೆ. ಹಿಂದೆ ಉಳಿಯುವುದು 260 ಮಾತ್ರ. ತಿರುವಿನ ನಡುವೆ ಬ್ರೇಕು ಒತ್ತಬಾರದೆನ್ನುವುದು ಇದಕ್ಕಾಗಿಯೇ. ಇನ್ನು ಹಿಂದಿನ ಅಚ್ಚಿನಿಂದ ಮುಕ್ಕಾಲು ಮೀಟರ್ ಹಿಂದೆ 100 ಕಿಲೋಗ್ರಾಂ ಸಾಮಾನು ಹೇರಿದರೆ ಆ ಅಚ್ಚಿಗೆ ಬೀಳುವುದು 130. ಮುಂದಿನದು 30 ಹಗುರವಾಗುತ್ತದೆ. ಸ್ಟಿಯರಿಂಗು ಸಡಿಲವಾದಂತೆ ತೋರುವುದು ಆಗಲೇ.

ಯಂತ್ರ ರಚಕರು ಇದನ್ನು ಬಲ್ಲರು. ಮಾರುತಿ 800ರಲ್ಲಿ ಎಂಜಿನ್ನೂ ಎಳೆಯುವ ಚಕ್ರಗಳೂ ಮುಂದೆಯೇ ಇದ್ದವು. 2009ರಲ್ಲಿ ಮಾರಾಟಕ್ಕೆ ಬಂದ ಟಾಟಾ ನ್ಯಾನೋವಿನ ಎಂಜಿನ್ನು ಹಿಂಬದಿಯಲ್ಲಿತ್ತು. ಅದಕ್ಕೆ ಪರಿಹಾರವಾಗಿ ಮುಂದೆ 135 ಮಿಲಿಮೀಟರ್, ಹಿಂದೆ 155 ಮಿಲಿಮೀಟರ್ ಅಗಲದ ಟೈರುಗಳನ್ನು ಜೋಡಿಸಿದರು. ಇಂದಿನ ವಿದ್ಯುತ್ ಕಾರುಗಳು ಬ್ಯಾಟರಿಯ ಹೊರೆಯನ್ನು ಸಾಮಾನ್ಯವಾಗಿ ನೆಲಗಟ್ಟಿನಡಿಯಲ್ಲೇ ಹರಡಿಕೊಂಡಿರುತ್ತವೆ.

ಭಾರ ತಗ್ಗಿನಲ್ಲಿದ್ದಷ್ಟೂ ಕ್ಷೇಮ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಸಾಗುವುದನ್ನು ಕಂಡವರು, ಅಷ್ಟೆತ್ತರದ ಗೌತಮರಥ ಹೇಗೆ ನಿಂತಿದೆಯೆಂದು ಬೆರಗಾಗುವುದುಂಟು. ತೇರಿನ ತೂಕವೆಲ್ಲ ಕೆಳಗಿನ ಮರದ ಗದ್ದುಗೆಯಲ್ಲಿ, ಚಕ್ರಗಳಲ್ಲಿ ಇರುತ್ತದೆ. ಮೇಲಿನ ಬಟ್ಟೆಯ ಸಿಂಗಾರ ಹಗುರ. ಅದೇ ಜಾತ್ರೆಗೆ ಬರುವ ಕಾರಿನ ಚಾವಣಿಯ ಮೇಲೆ ಪಾತ್ರೆ ಪರಡಿಗಳ ಮೂಟೆ! ತೇರಿಗೆ ನಡಿಗೆಯ ವೇಗ, ಕಾರಿಗೆ ಗಂಟೆಗೆ 80 ಕಿಲೋಮೀಟರ್.

ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರಗಳನ್ನು ಪೋಣಿಸುವ 766ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳೂ ಓಡುತ್ತವೆ. ಒಂದೇ ಅಚ್ಚಿನ ಟ್ರೇಲರು ಹಿಂಭಾರವಾದರೆ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳನ್ನು ಮೇಲಕ್ಕೆತ್ತುತ್ತದೆ. ಸಾಮಾನ್ಯ ಟ್ರ್ಯಾಕ್ಟರಿಗೆ ಎಳೆತವೂ ಬ್ರೇಕೂ ಆ ಚಕ್ರಗಳಲ್ಲೇ. ಮುಂಭಾರ ಮಿತಿಮೀರಿದರೆ ಏರಿನಲ್ಲಿ ಮುಂದಿನ ಚಕ್ರಗಳು ನೆಲ ಬಿಟ್ಟು ದಿಕ್ಕಿನ ಹತೋಟಿಯೇ ತಪ್ಪುತ್ತದೆ. ನೊಗದ ನ್ಯಾಯವೇ ಇಲ್ಲಿಯೂ ಸಲ್ಲುತ್ತದೆ.

ಕಾರಿನವರು ಅಕ್ಕಿಮೂಟೆಯನ್ನು ಹಿಂದಿನ ಸೀಟಿನ ಬೆನ್ನಿಗೆ ತಾಗಿಸಿ ತಳದಲ್ಲೇ ಇಡಬೇಕು; ಹಗುರವಾದದ್ದು ಅದರ ಮೇಲಿರಲಿ. ತುಂಬಿದ ಗಾಡಿಯ ಹಿಂದಿನ ಟೈರುಗಳಿಗೆ ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಚೀಟಿಯಲ್ಲೇ ಅಚ್ಚಾಗಿರುತ್ತದೆ.