ಟೈರ್ ದೊಡ್ಡದಾದರೆ ಗೇರ್ ಯಾವುದು?

ಪ್ರಶ್ನೆ: ಅಮೆರಿಕದಲ್ಲಿರುವ ನಾನು ನನ್ನ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಎತ್ತರಿಸಿ 37 ಇಂಚಿನ ಟೈರ್ ಹಾಕಿಸಿದ್ದೇನೆ. ಏರು ಹತ್ತುವಾಗ ತಿಣುಕುತ್ತದೆ. ಆಕ್ಸಲ್ ಗೇರ್ ಬದಲಿಸಬೇಕೇ?

ಉತ್ತರ: ಬದಲಿಸಿ. ಗಾಡಿ ಎತ್ತರಿಸಿದ್ದರಿಂದ ಗೇರ್ ಅನುಪಾತ ಕೆಡುವುದಿಲ್ಲ, ಕೆಡಿಸಿದ್ದು ಟೈರು. ದೊಡ್ಡ ಚಕ್ರ ಒಂದೊಂದು ಸುತ್ತಿಗೂ ಹೆಚ್ಚು ದೂರ ಹೋಗುತ್ತದೆ. ಹಾಗಾಗಿ ಅದೇ ವೇಗದಲ್ಲಿ ಎಂಜಿನ್ ನಿಧಾನಕ್ಕೆ ತಿರುಗಿ ಬಲ ಸಾಲದಾಗುತ್ತದೆ. ಗೇರ್‌ಬಾಕ್ಸ್ ಪದೇ ಪದೇ ಕೆಳಗಿನ ಗೇರಿಗೆ ಇಳಿದು ಬಿಸಿಯೇರುತ್ತದೆ.

ಹಳೆಯ ಅನುಪಾತವನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆಯ ಟೈರಿನ ವ್ಯಾಸದಿಂದ ಭಾಗಿಸಿ. ಸಾಮಾನ್ಯ ರೂಬಿಕಾನ್‌ಗೆ ಕಾರ್ಖಾನೆಯಿಂದ ಬರುವುದು ಸುಮಾರು 33 ಇಂಚಿನ ಟೈರು, 4.10ರ ಗೇರು. 4.10 × 37 ÷ 33 ಅಂದರೆ ಸುಮಾರು 4.60. ಮಾರುಕಟ್ಟೆಯಲ್ಲಿ ಇದಕ್ಕೆ ಹತ್ತಿರದ್ದು 4.56. ಆದರೂ ನಾನು ಹೇಳುವುದು 4.88. ಲೆಕ್ಕಕ್ಕೆ ವ್ಯಾಸ ಮಾತ್ರ ಗೊತ್ತು. ಹೊಸ ಟೈರಿನ ತೂಕವಾಗಲಿ, ಎತ್ತರದ ಗಾಡಿಗೆ ಎದುರಾಗುವ ಗಾಳಿಯಾಗಲಿ ಗೊತ್ತಿಲ್ಲ. ಎಂಟು ಗೇರಿನ ಆಟೊಮ್ಯಾಟಿಕ್ ಆಗಿದ್ದರೆ ಹೆದ್ದಾರಿಯಲ್ಲೂ ಎಂಜಿನ್ ಕಿರುಚದು. ಇನ್ನೂ ಮೇಲಿನ 5.13ಕ್ಕೆ ಹೋದರೆ ಆಕ್ಸಲ್‌ನ ದೊಡ್ಡ ರಿಂಗ್ ಗೇರನ್ನು ತಿರುಗಿಸುವ ಪುಟ್ಟ ಗೇರು, ಅಂದರೆ ಪಿನಿಯನ್, ಚಿಕ್ಕದಾಗುತ್ತದೆ, ಅದರ ಬಲವೂ ಕುಗ್ಗುತ್ತದೆ.

ಕೆಲಸ ಮಾತ್ರ ಅನುಭವಿಗಳ ಕೈಗೇ ಕೊಡಿ. ಅವರು ರಿಂಗ್ ಗೇರಿನ ಹಲ್ಲುಗಳಿಗೆ ಹಳದಿ ಬಣ್ಣ ಬಳಿದು ತಿರುಗಿಸಿ, ಪಿನಿಯನ್ ಒತ್ತಿದ ಗುರುತು ಹಲ್ಲಿನ ನಡುವೆ ಬಿದ್ದಿದೆಯೇ ಎಂದು ನೋಡುತ್ತಾರೆ. ಗುರುತು ಅಂಚಿಗೆ ಸರಿದಿದ್ದರೆ ಶಿಮ್ (ತೆಳು ಬಿಲ್ಲೆ) ಬದಲಿಸಿ ಮತ್ತೆ ಜೋಡಿಸಬೇಕು. ಇಲ್ಲದಿದ್ದರೆ ಗೇರು ಗೋಳಿಡುತ್ತದೆ, ಬೇಗ ಸವೆಯುತ್ತದೆ. ಸ್ಪೀಡೋಮೀಟರನ್ನೂ ಮರೆಯದೆ ಸರಿಪಡಿಸಿಕೊಳ್ಳಿ.

ಮುಂದಿನ, ಹಿಂದಿನ ಎರಡೂ ಆಕ್ಸಲ್‌ಗಳಿಗೆ ಒಂದೇ ಅನುಪಾತ ಹಾಕಿಸಿ. ಒಂದನ್ನಷ್ಟೇ ಬದಲಿಸಿ ಫೋರ್‌ವೀಲ್ ಡ್ರೈವ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಮುರಿಯಬಹುದು.