ಡಿಪ್ರೆಶನ್ ಮಾತ್ರೆ ಬದಲಿಸಬೇಕಾದ್ದು ವೈದ್ಯರು, ಸ್ಟಾಕ್ ರಿಜಿಸ್ಟರ್ ಅಲ್ಲ

ಬೈಂದೂರು ಕಡೆಯ ಹುಡುಗನೊಬ್ಬ ಬೆಂಗಳೂರಿನ ಹೋಟೆಲ್‌ನಲ್ಲಿ ಕ್ಯಾಶಿಯರ್ ಅಂದುಕೊಳ್ಳಿ. ಆರು ತಿಂಗಳಿಂದ ಆತಂಕ ಮತ್ತು ಖಿನ್ನತೆಗೆ ವೆನ್ಲಾಫ್ಯಾಕ್ಸಿನ್ ಎಂಬ ಮಾತ್ರೆ ತಗೊಳ್ತಿದ್ದಾನೆ. ಮನೆದೇವರ ಪೂಜೆಗೆಂದು ಊರಿಗೆ ಬಂದ. ನಾಲ್ಕು ದಿನದ ರಜೆ ಹತ್ತು ದಿನ ಆಯ್ತು, ಮಾತ್ರೆ ಮುಗಿಯಿತು. ಹತ್ತಿರದ ಮೆಡಿಕಲ್‌ನಲ್ಲಿ ಅದು ಇಲ್ಲ. ಎರಡನೇ ದಿನಕ್ಕೆ ತಲೆ ತಿರುಗು, ತಲೆಯೊಳಗೆ ಕರೆಂಟ್ ಹೊಡೆದಂಥ ಜುಮ್ಮು, ನಿದ್ದೆ ಇಲ್ಲ, ಸುಮ್‌ಸುಮ್ನೆ ಸಿಟ್ಟು. ಮನೆಯಲ್ಲಿ ಒಬ್ಬರು ‘ಗಾಳಿ ಸೋಕಿದೆ’ ಅಂತಾರೆ. ಇನ್ನೊಬ್ಬರು, ‘ಆ ಮಾತ್ರಿ ಒಂದ್ಸಲ ಶುರು ಮಾಡ್ರೆ ಬಿಡುಕ್ ಆತಿಲ್ಲ ಅಂಬ್ರ್’ ಅಂತಾರೆ.

ಇಬ್ಬರ ಮಾತೂ ತಪ್ಪು. ಆದರೆ ಆ ಹುಡುಗನಿಗೆ ಆಗ್ತಿರೋದು ನಿಜ. ಅದಕ್ಕೊಂದು ವೈದ್ಯಕೀಯ ವಿವರಣೆ ಇದೆ, ಜೊತೆಗೆ ಒಂದು ರಾಜಕೀಯ ವಿವರಣೆಯೂ ಇದೆ.

ಮಾತ್ರೆ ಯಾಕೆ ಬದಲಾಗುತ್ತದೆ?

ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತಲ್ಲ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಫಲ ಗೊತ್ತಾಗಲು ಆರರಿಂದ ಎಂಟು ವಾರ. ಆದರೆ ಅಡ್ಡಪರಿಣಾಮಗಳು ಮೊದಲ ವಾರವೇ ಬಂದುಬಿಡುತ್ತವೆ: ವಾಕರಿಕೆ, ನಿದ್ದೆಯ ಏರುಪೇರು, ಕೆಲವರಿಗೆ ಆತಂಕವೇ ಸ್ವಲ್ಪ ಜಾಸ್ತಿ. ಇಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ.

ಮೊದಲ ಮಾತ್ರೆಯೇ ಎಲ್ಲರಿಗೂ ಹಿಡಿಯುವುದಿಲ್ಲ. ಅಮೆರಿಕದಲ್ಲಿ ಸುಮಾರು 4,000 ರೋಗಿಗಳ ಮೇಲೆ ನಡೆದು 2006ರಲ್ಲಿ ಫಲಿತಾಂಶ ಪ್ರಕಟವಾದ ‘ಸ್ಟಾರ್‌ಡಿ’ ಅಧ್ಯಯನದಲ್ಲಿ ಮೊದಲ ಮಾತ್ರೆಯಲ್ಲೇ ಪೂರ್ತಿ ಚೇತರಿಸಿಕೊಂಡವರು ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು. ಎರಡನೇ ಮಾತ್ರೆಗೆ ಬದಲಿಸಿದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು. ಅಂದರೆ ಮಾತ್ರೆ ಬದಲಿಸಬೇಕಾಗಿ ಬಂತು ಎಂದರೆ ನಿಮ್ಮ ಕೇಸು ಕೈಮೀರಿತು ಅಂತಲ್ಲ, ಚಿಕಿತ್ಸೆ ಸಾಮಾನ್ಯವಾಗಿ ನಡೆಯುವುದೇ ಹೀಗೆ.

ಬದಲಿಸುವ ದಾರಿಗಳು

ಒಂದೇ ಗುಂಪಿನ ಮಾತ್ರೆಗಳಾದರೆ, ಉದಾಹರಣೆಗೆ ಎಸ್ಸಿಟಲೋಪ್ರಾಮ್‌ನಿಂದ ಸೆರ್ಟ್ರಾಲಿನ್‌ಗೆ ಹೋಗುವಾಗ, ಕೆಲವೊಮ್ಮೆ ಇವತ್ತು ಅದು ನಿಲ್ಲಿಸಿ ನಾಳೆ ಇದು ಶುರು ಮಾಡುವುದುಂಟು. ಬೇರೆ ಗುಂಪಿಗೆ ಹೋಗುವಾಗ ಹಳೆಯದನ್ನು ಹಂತಹಂತವಾಗಿ ಇಳಿಸುತ್ತಾ ಹೊಸದನ್ನು ನಿಧಾನ ಏರಿಸಬಹುದು. ಇನ್ನು ಕೆಲವದಕ್ಕೆ ಹಳೆಯದನ್ನು ಪೂರ್ತಿ ನಿಲ್ಲಿಸಿ ನಡುವೆ ಖಾಲಿ ದಿನ ಬಿಡಬೇಕು. ಫ್ಲುಯೊಕ್ಸೆಟಿನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸೆಟಿನ್ ಬೇಗ ಇಳಿದುಹೋಗುತ್ತವೆ, ಹಾಗಾಗಿ ತಟ್ಟನೆ ನಿಲ್ಲಿಸಿದರೆ ಕಾಟ ಜಾಸ್ತಿ.

ನಮ್ಮ ಹುಡುಗನಿಗೆ ಆದದ್ದು ಇದೇ. ಇದು ಚಟವಲ್ಲ. ಚಟದಲ್ಲಿ ಇನ್ನಷ್ಟು ಬೇಕು ಎಂಬ ಹಂಬಲ ಇರುತ್ತದೆ, ಇಲ್ಲಿ ಅದಿಲ್ಲ. ಮಾತ್ರೆಗೆ ಒಗ್ಗಿಕೊಂಡ ನರಮಂಡಲ ಅದು ಇದ್ದಕ್ಕಿದ್ದಂತೆ ಇಲ್ಲವಾದಾಗ ತೋರುವ ಪ್ರತಿಕ್ರಿಯೆ ಇದು. ಬಿಟ್ಟ ಕೆಲವೇ ದಿನಕ್ಕೆ ತಲೆ ತಿರುಗು, ಜುಮ್ಮು ಶುರುವಾದರೆ ಅದು ಹೆಚ್ಚಾಗಿ ಬಿಟ್ಟಿದ್ದರ ಪರಿಣಾಮ. ವಾರಗಳು ಕಳೆದ ಮೇಲೆ ನಿಧಾನವಾಗಿ ಹಳೆಯ ಬೇಸರವೇ ಮರಳಿದರೆ ಅದು ಕಾಯಿಲೆ ಮರುಕಳಿಸಿದ್ದಿರಬಹುದು. ಎರಡಕ್ಕೂ ಮದ್ದು ಬೇರೆ. ಹಾಗಾಗಿ ಏನು, ಯಾವತ್ತು ಶುರುವಾಯ್ತು ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ವೈದ್ಯರಿಗೆ ಅದು ತುಂಬ ಉಪಯೋಗ.

ಮೂರು ಎಚ್ಚರಿಕೆ. ಒಂದು, ಹಳೆಯದು ಹೊಸದು ಎರಡೂ ಇರುವ ದಿನಗಳಲ್ಲಿ ಟ್ರಾಮಡಾಲ್ ಇರುವ ನೋವಿನ ಮಾತ್ರೆ, ಡೆಕ್ಸ್ಟ್ರೊಮೆಥಾರ್ಫನ್ ಇರುವ ಕೆಮ್ಮಿನ ಸಿರಪ್ ತಾವಾಗಿಯೇ ತಗೊಳ್ಳಬಾರದು. ಜ್ವರ, ವಿಪರೀತ ಬೆವರು, ನಡುಕ, ಭೇದಿ, ಗೊಂದಲ ಒಟ್ಟಿಗೆ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎರಡು, 25 ವರ್ಷದೊಳಗಿನವರಲ್ಲಿ ಶುರುವಿನ ವಾರಗಳಲ್ಲಿ, ಡೋಸ್ ಬದಲಾದಾಗ, ಸಾಯುವ ಯೋಚನೆ ಹೆಚ್ಚಬಹುದು. ಅಮೆರಿಕದ ಔಷಧ ನಿಯಂತ್ರಕರು 2007ರಲ್ಲಿ ಈ ಎಚ್ಚರಿಕೆಯನ್ನು 24 ವರ್ಷದವರೆಗೂ ವಿಸ್ತರಿಸಿದರು. ಆ ದಿನಗಳಲ್ಲಿ ಮನೆಯ ಒಬ್ಬರಿಗಾದರೂ ವಿಷಯ ಗೊತ್ತಿರಲಿ. ಮೂರು, ನಿದ್ದೆಯೇ ಬೇಡವೆನಿಸುವಷ್ಟು ಹುರುಪು, ಕೈಮೀರಿದ ಖರ್ಚು, ನಿಲ್ಲದ ಮಾತು ಕಂಡರೆ ಕಾದು ನೋಡದೆ ವೈದ್ಯರಿಗೆ ಹೇಳಿ. ಕಾಯಿಲೆ ಬೈಪೋಲಾರ್ ಆಗಿದ್ದರೆ ಚಿಕಿತ್ಸೆಯೇ ಬೇರೆ.

ಇನ್ನೊಂದು ಗೊಂದಲ ಬ್ರ್ಯಾಂಡಿನದು. ಮೆಡಿಕಲ್‌ನವರು ಬೇರೆ ಹೆಸರಿನ ಸ್ಟ್ರಿಪ್ ಕೊಟ್ಟರೆ ಮಾತ್ರೆ ಬದಲಾಯ್ತು ಅಂತಲ್ಲ. ಒಳಗಿನ ಔಷಧದ ಹೆಸರು ಮತ್ತು ಮಿಲಿಗ್ರಾಂ ಒಂದೇ ಇದೆಯಾ ನೋಡಿ. ‘ಅದೇ ಥರದ್ದು’ ಅಂತ ಬೇರೆ ಔಷಧ ಕೊಟ್ಟರೆ ತಗೋಬೇಡಿ.

ಈಗ ರಾಜಕೀಯದ ಮಾತು

ಇಷ್ಟೆಲ್ಲ ಎಚ್ಚರಿಕೆಯಿಂದ ಮಾಡಬೇಕಾದ ಕೆಲಸಕ್ಕೆ ಎರಡು ಬೇಕು: ಎರಡು ವಾರಕ್ಕೊಮ್ಮೆಯಾದರೂ ವೈದ್ಯರ ಭೇಟಿ, ತಪ್ಪದೆ ಸಿಗುವ ಮಾತ್ರೆ. ಮಣಿಪಾಲ, ಉಡುಪಿಯಲ್ಲಿ ಮನೋವೈದ್ಯರಿಗೆ ಕೊರತೆ ಇಲ್ಲ. ಬ್ರಹ್ಮಾವರದವರಿಗೆ ಉಡುಪಿ ಹತ್ತಿರ. ಕುಂದಾಪುರದಿಂದ ಮೂವತ್ತೈದು ಕಿಲೋಮೀಟರ್ ದಾಟಬೇಕು. ಬೈಂದೂರಿನಿಂದ ಅದರ ಸುಮಾರು ಎರಡು ಪಟ್ಟು, ಕೊಲ್ಲೂರು ಕಡೆಯ ಹಳ್ಳಿಯಿಂದ ಹೊರಟರೆ ಇಡೀ ದಿನ ಹೋಯ್ತು. ಒಂದು ದಿನದ ಕೂಲಿಯೂ ಹೋಯ್ತು. ಮಹಿಳೆಯರಿಗೆ ‘ಶಕ್ತಿ’ ಇದೆಯಲ್ಲ ಅನ್ನಬಹುದು. ಅದು ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಕರಾವಳಿಯ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು.

ಈ ದೂರ ಕಡಿಮೆ ಮಾಡಲೆಂದೇ ಯೋಜನೆಗಳಿವೆ. ತಾಲ್ಲೂಕು ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡಬಹುದು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟಿದ್ದು ನಮ್ಮದೇ ಬಳ್ಳಾರಿಯಲ್ಲಿ. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರು ಸಿಗಬೇಕೆಂದು ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ ಬಂತು. ಹಾಗಿದ್ದೂ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 20 ಜನರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗುತ್ತಾರೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ.

ಕಾನೂನು ಇದನ್ನು ದಯೆಗೆ ಬಿಟ್ಟಿಲ್ಲ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 18ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ಪಡೆಯುವುದು ಹಕ್ಕು. ಸರ್ಕಾರ ಪ್ರಕಟಿಸಿದ ಅಗತ್ಯ ಔಷಧ ಪಟ್ಟಿಯ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು. ಎಸ್ಸಿಟಲೋಪ್ರಾಮ್, ಫ್ಲುಯೊಕ್ಸೆಟಿನ್, ಅಮಿಟ್ರಿಪ್ಟಿಲಿನ್ 2022ರ ರಾಷ್ಟ್ರೀಯ ಪಟ್ಟಿಯಲ್ಲಿವೆ. ‘ಎಲ್ಲ ಕಾಲದಲ್ಲೂ’ ಎಂಬ ಮಾತೇ ಇಲ್ಲಿ ಮುಖ್ಯ. ಈ ತಿಂಗಳು ಒಂದು ಮಾತ್ರೆ, ಮುಂದಿನ ತಿಂಗಳು ಸ್ಟಾಕ್ ಇಲ್ಲವೆಂದು ಇನ್ನೊಂದು, ಆಮೇಲೆ ‘ಹೊರಗೆ ತಗೊಳ್ಳಿ’ ಅಂದರೆ ಅದು ಚಿಕಿತ್ಸೆಯ ಬದಲಾವಣೆಯಲ್ಲ. ರೋಗಿಯ ಮಿದುಳಿನ ಮೇಲೆ ಇಂಡೆಂಟ್ ತಡವಾದದ್ದರ ಶಿಕ್ಷೆ.

ನಾವೇನು ಮಾಡಬಹುದು?

ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಆರ್‌ಟಿಐ ಹಾಕಿ. ಕಳೆದ ಒಂದು ವರ್ಷದಲ್ಲಿ ಈ ಮೂರು ಮಾತ್ರೆಗಳು ಎಷ್ಟು ದಿನ ಸ್ಟಾಕ್ ಇರಲಿಲ್ಲ? ಎಷ್ಟು ಮಂಗಳವಾರ ಮನೋವೈದ್ಯರು ಬಂದರು? ಉತ್ತರವನ್ನು ಆರೋಗ್ಯ ರಕ್ಷಾ ಸಮಿತಿಯ ಮುಂದೆ ಇಡಿ, ಶಾಸಕರ ಕೈಗೂ ಕೊಡಿ. ರಸ್ತೆ ಗುಂಡಿಯ ಫೋಟೊ ಹಾಕುವ ನಾವು ಖಾಲಿ ಔಷಧ ಕಪಾಟಿನ ಬಗ್ಗೆಯೂ ಮಾತಾಡಬೇಕು.

ಮತ್ತೆ ಆ ಹುಡುಗನಿಗೆ: ನಾಚಿಕೆ ಬೇಡ ಮಾರಾಯ. ಚೀಟಿಯ ಫೋಟೊ ಫೋನಿನಲ್ಲಿರಲಿ, ಊರಿಗೆ ಹೊರಡುವಾಗ ಹತ್ತು ದಿನದ ಮಾತ್ರೆ ಹೆಚ್ಚೇ ಇರಲಿ. ಈಗ ಮುಗಿದಿದ್ದರೆ ನಿನ್ನ ವೈದ್ಯರಿಗೆ ಕರೆ ಮಾಡು. ಅವರು ಸಿಗದಿದ್ದರೆ 14416ಕ್ಕೆ. ಅದು ಟೆಲಿ ಮನಸ್, 2022ರ ಅಕ್ಟೋಬರ್ 10ರಿಂದ ಇರುವ ಉಚಿತ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರ್ತಿದ್ದರೆ ಈಗಲೇ ಕರೆ ಮಾಡು, ಪಕ್ಕದಲ್ಲಿರುವವರಿಗೂ ಹೇಳು. ಮನೆಯವರು ಪೂಜೆ ಮಾಡಿಸುವುದಾದರೆ ಮಾಡಿಸಲಿ. ಮಾತ್ರೆ ಮಾತ್ರ ನಿಲ್ಲಿಸಬೇಡ.